ಮಳೆ ಸುರಿಯುವ ಮಲೆನಾಡಿಗೂ ಬರ ಎದುರಿಸುವ ಯೋಜನೆ ಬೇಕೇ?

ಖಂಡಿತ ಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ನಿಜ. ಆದರೆ ಬಹುಪಾಲು ಇಳಿಜಾರಲ್ಲಿ ಹರಿದೇ ಹೋಗುತ್ತದೆ. ಮಳೆ ಕೈಕೊಟ್ಟ ವರ್ಷ ನಮ್ಮ ತೀರ್ಥಹಳ್ಳಿ ಕಡೆ ಗುಡ್ಡದಿಂದ ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಬರುವ ಅಬ್ಬಿ (ಒರತೆ) ನೀರು ಫೆಬ್ರವರಿಗೇ ಕಿರುಬೆರಳಿನಷ್ಟಾಗುತ್ತದೆ. ಏಪ್ರಿಲ್ ಹೊತ್ತಿಗೆ ಅಡಿಕೆ ಸೋಗೆ ಜೋತುಬೀಳುತ್ತದೆ. 2023ರಲ್ಲಂತೂ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು.

ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿಯ ಪ್ರಕಾರ ಮಳೆ ಕೊರತೆ, ಬಿತ್ತನೆ, ಮಣ್ಣಿನ ತೇವ, ಜಲಾಶಯದ ಮಟ್ಟ ಎಲ್ಲ ನೋಡಿ, ಹೊಲಕ್ಕೇ ಹೋಗಿ ಪರಿಶೀಲಿಸಿದ ಮೇಲೆ ಘೋಷಣೆ. ಅಷ್ಟರಲ್ಲಿ ಬೆಳೆ ಕೈತಪ್ಪಿರುತ್ತದೆ. ಅದಕ್ಕೇ ಹಣ ಮೊದಲು ಕೆರೆ ಹೂಳೆತ್ತಲು, ಇಂಗುಗುಂಡಿಗೆ, ಕಾನು (ದಟ್ಟ ಹಸಿರು ಕಾಡು) ಉಳಿಸಲು ಹೋಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪಂಚಾಯಿತಿ ಕ್ರಿಯಾಯೋಜನೆಯಲ್ಲಿ ನಿಮ್ಮೂರ ಕೆರೆ ಇದೆಯೇ ಎಂದು ಮುಂದಿನ ಗ್ರಾಮಸಭೆಯಲ್ಲೇ ಕೇಳಿ.