ಮನೆ ಪರವಾನಗಿ: ನಕ್ಷೆಗಿಂತ ಮೊದಲು ಟೇಪು ಹಿಡಿಯಿರಿ

ನಗರಸಭೆ, ಪುರಸಭೆ ವ್ಯಾಪ್ತಿಯಲ್ಲಿ ಸ್ವಂತ ಮನೆ ಕಟ್ಟಲು ಹೊರಟವರು ಕೇಳಿದ ನಾಲ್ಕು ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು 30×40 ನಿವೇಶನ. ಕ್ರಯಪತ್ರದಲ್ಲಿ ಅಳತೆ ಅಡಿಯಲ್ಲಿದೆ. ಇ-ಖಾತೆಯಲ್ಲಿ 9×12 ಮೀಟರ್ ಎಂದಿದೆ. ಎಂಜಿನಿಯರ್ 30×40ಕ್ಕೇ ನಕ್ಷೆ ಬರೆದುಕೊಟ್ಟರು. ಈಗ ‘ಅಳತೆ ತಾಳೆಯಾಗುತ್ತಿಲ್ಲ’ ಎಂದು ಅರ್ಜಿ ವಾಪಸ್ ಬಂದಿದೆ. ಇಷ್ಟು ಚಿಕ್ಕ ವ್ಯತ್ಯಾಸಕ್ಕೆ ಅರ್ಜಿ ನಿಲ್ಲಿಸಬಹುದೇ?

ನಿಲ್ಲಿಸಬಹುದು, ನಿಲ್ಲಿಸುವುದೇ ಸರಿ. ಮಾತಿನಲ್ಲಿ 30×40, 9×12 ಎರಡೂ ಒಂದೇ ಅನ್ನಿಸುತ್ತವೆ. ಲೆಕ್ಕ ಹಾಕಿದರೆ ಹಾಗಿಲ್ಲ. 30 ಅಡಿ ಎಂದರೆ 9.14 ಮೀಟರ್, 40 ಅಡಿ ಎಂದರೆ 12.19 ಮೀಟರ್. ಅಗಲದಲ್ಲಿ 14 ಸೆಂ.ಮೀ., ಉದ್ದದಲ್ಲಿ 19 ಸೆಂ.ಮೀ. ಹೆಚ್ಚು. 9×12 ಅಂದರೆ 108 ಚದರ ಮೀಟರ್, ಸುಮಾರು 1,162 ಚದರ ಅಡಿ. ನಿಮ್ಮ ಕ್ರಯಪತ್ರ 1,200 ಎನ್ನುತ್ತಿದೆ. ಒಂದೇ ಸಾಲಿನ ಹತ್ತು ಮಂದಿ 14 ಸೆಂ.ಮೀ. ಹೆಚ್ಚು ಹಿಡಿದುಕೊಂಡರೆ ಕೊನೆಯ ನಿವೇಶನದವರಿಗೆ 1.4 ಮೀಟರ್ ಜಾಗವೇ ಇರುವುದಿಲ್ಲ. ಬಡಾವಣೆಗಳ ಗಡಿ ಜಗಳ ಎಷ್ಟೋ ಸಲ ಶುರುವಾಗುವುದು ಇಲ್ಲಿಂದಲೇ.

ಮೊದಲು ಅನುಮೋದಿತ ಬಡಾವಣೆ ನಕ್ಷೆಯ ಪ್ರತಿ ತರಿಸಿ, ಅದರಲ್ಲಿ ನಿಮ್ಮ ನಿವೇಶನದ ಅಳತೆ ಯಾವ ಮಾನದಲ್ಲಿದೆ ನೋಡಿ. ಆಮೇಲೆ ಸ್ಥಳದಲ್ಲಿ ಸ್ಟೀಲ್ ಟೇಪಿನಿಂದ ನಾಲ್ಕೂ ಬದಿ ಅಳೆಯಿರಿ. ಬಟ್ಟೆ ಟೇಪು ಬೇಡ, ಎಳೆದರೆ ಹಿಗ್ಗುತ್ತದೆ. ಅಷ್ಟಕ್ಕೇ ಬಿಡದೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. 9×12ರ ನಿವೇಶನ ಸರಿಯಾಗಿ ಚೌಕಟ್ಟಾಗಿದ್ದರೆ ಎರಡೂ ಕರ್ಣ ತಲಾ 15 ಮೀಟರ್ ಬರಬೇಕು. ಒಂದು 15.20, ಇನ್ನೊಂದು 14.80 ಬಂದರೆ ನಾಲ್ಕು ಬದಿ ಸರಿಯಿದ್ದರೂ ನಿವೇಶನ ಓರೆಯಾಗಿದೆ. ಆಗ ಆಯತದ ನಕ್ಷೆ ಬರೆದರೆ ಒಂದು ಮೂಲೆಯಲ್ಲಿ ಸೆಟ್‌ಬ್ಯಾಕ್ (ಗಡಿಯಿಂದ ಕಟ್ಟಡದವರೆಗೆ ಬಿಡಬೇಕಾದ ಖಾಲಿ ಜಾಗ) ಕಡಿಮೆಯಾಗಿಯೇ ತೀರುತ್ತದೆ.

ಕ್ರಯಪತ್ರ, ಖಾತೆ, ಬಡಾವಣೆ ನಕ್ಷೆ, ಸ್ಥಳ ಈ ನಾಲ್ಕರಲ್ಲಿ ಯಾವ ಅಳತೆ ಕಡಿಮೆಯೋ ಅದಕ್ಕೆ ನಕ್ಷೆ ಬರೆಸುವುದು ಕ್ಷೇಮ. ಬಡಾವಣೆ ನಕ್ಷೆಯಲ್ಲೂ 30×40 ಅಡಿ ಇದ್ದು ಖಾತೆಯಲ್ಲಿ ಮಾತ್ರ 9×12 ಎಂದು ನಮೂದಾಗಿದ್ದರೆ ಖಾತೆ ತಿದ್ದುಪಡಿಗೆ ಅರ್ಜಿ ಕೊಡಿ. ಬಡಾವಣೆ ನಕ್ಷೆಯೇ 9×12 ಎಂದರೆ ತಪ್ಪಿರುವುದು ಕ್ರಯಪತ್ರದಲ್ಲಿ. ಅದಕ್ಕೆ ಉಪನೋಂದಣಿ ಕಚೇರಿಯಲ್ಲಿ ತಿದ್ದುಪಡಿ ಪತ್ರ ಮಾಡಿಸಬೇಕು, ಮಾರಿದವರೂ ಬಂದು ಸಹಿ ಹಾಕಬೇಕು. ಅವರು ಇದೇ ಊರಿನಲ್ಲಿರುವಾಗಲೇ ಇದನ್ನು ಮುಗಿಸಿಕೊಳ್ಳಿ. ಚಕ್ಕುಬಂದಿಯನ್ನೂ (ನಾಲ್ಕು ದಿಕ್ಕಿನ ಗಡಿ ವಿವರ) ಇದೇ ಹೊತ್ತಿನಲ್ಲಿ ಓದಿ: ಹಳೆಯ ಪತ್ರದಲ್ಲಿ ‘ಪೂರ್ವಕ್ಕೆ ಖಾಲಿ ಜಾಗ’ ಎಂದಿದ್ದು ಈಗ ಅಲ್ಲಿ ನಂಬರಿನ ನಿವೇಶನವಿದ್ದರೆ ಅದೂ ಆಕ್ಷೇಪಣೆಗೆ ಕಾರಣವಾಗುತ್ತದೆ.

ಇನ್ನೊಂದು ಮಾತು. ಸೆಟ್‌ಬ್ಯಾಕ್ ಎಷ್ಟು ಎಂಬುದು ಊರಿಂದೂರಿಗೆ ಬೇರೆ. ನಿಮ್ಮ ಯೋಜನಾ ಪ್ರಾಧಿಕಾರದ ವಲಯ ನಿಯಮಾವಳಿಯಲ್ಲಿ ನಿವೇಶನದ ಅಗಲ, ಆಳಕ್ಕೆ ತಕ್ಕ ಪಟ್ಟಿ ಇರುತ್ತದೆ. ಉದಾಹರಣೆಗೆ ಎರಡೂ ಪಕ್ಕ 1 ಮೀಟರ್ ಬಿಡಬೇಕು ಎಂದಿಟ್ಟುಕೊಳ್ಳಿ. 9 ಮೀಟರಿನಲ್ಲಿ ಮನೆಗೆ ಸಿಗುವುದು 7 ಮೀಟರ್, ಅದೂ ಹೊರಗೋಡೆಯ ಹೊರಮೈಯಿಂದ ಹೊರಮೈಗೆ. ಮೇಸ್ತ್ರಿ ಮಾರ್ಕಿಂಗ್ ಮಾಡುವುದು ಸೆಂಟರ್ ಲೈನಿಗೆ, ಅಂದರೆ ಗೋಡೆಯ ನಡುಗೆರೆಗೆ. 9 ಇಂಚಿನ ಗೋಡೆಯಾದರೆ ಸೆಂಟರ್ ಲೈನಿನಿಂದ ಆಚೆಗೆ ನಾಲ್ಕೂವರೆ ಇಂಚು, ಅದರ ಮೇಲೆ ಹೊರ ಪ್ಲಾಸ್ಟರ್ ಅರ್ಧ ಇಂಚಿನಷ್ಟು. ಎರಡೂ ಬದಿ ಸೇರಿದರೆ 10 ಇಂಚು. ಮಾರ್ಕಿಂಗ್ ದಿನ ಇದನ್ನು ಮರೆತರೆ ಪಿಲ್ಲರ್ ಎದ್ದ ಮೇಲೆ ಸರಿಪಡಿಸಲು ದಾರಿಯಿಲ್ಲ.

ಪ್ರಶ್ನೆ: ದಾಖಲೆಗಳೆಲ್ಲ ಸರಿಯಿವೆ. ಆದರೂ ಆನ್‌ಲೈನ್‌ನಲ್ಲಿ ಹಾಕಿದ ನಕ್ಷೆ ಮೂರು ಸಲ ತಿರಸ್ಕೃತವಾಯಿತು. ಕಾರಣ ಏನಿರಬಹುದು?

ಪರಿಶೀಲನೆ ಮಾಡುವ ತಂತ್ರಾಂಶ ನಾವು ನೋಡುವ ಹಾಗೆ ನಕ್ಷೆ ನೋಡುವುದಿಲ್ಲ. ನಿವೇಶನದ ಗಡಿ ಒಂದು ಲೇಯರ್ (ಪದರ), ಕಟ್ಟಡ ಒಂದು ಲೇಯರ್, ಕೋಣೆ, ರಸ್ತೆ ಹೀಗೆ ಪ್ರತಿಯೊಂದಕ್ಕೂ ಗೊತ್ತುಮಾಡಿದ ಲೇಯರ್ ಹೆಸರಿರುತ್ತದೆ. ಗೆರೆ ಬೇರೆ ಲೇಯರಿನಲ್ಲಿದ್ದರೆ ಅದರ ಪಾಲಿಗೆ ಆ ಗೋಡೆಯೇ ಇಲ್ಲ. ಗಡಿ ಗೆರೆಯ ಕೊನೆ ಮೊದಲ ಬಿಂದುವಿಗೆ ಕೂಡಿರದಿದ್ದರೆ ವಿಸ್ತೀರ್ಣ ಲೆಕ್ಕಕ್ಕೆ ಸಿಗುವುದಿಲ್ಲ. ಅಡಿಯಲ್ಲಿ ಬರೆದ ನಕ್ಷೆಯನ್ನು ಮೀಟರಿಗೆ ಬದಲಿಸದೆ ಹಾಕಿದರಂತೂ ಎಲ್ಲ ಲೆಕ್ಕವೂ ತಲೆಕೆಳಗು. ತಿರಸ್ಕಾರದ ವರದಿಯನ್ನು ಮುದ್ರಿಸಿ ಎಂಜಿನಿಯರಿಗೆ ಕೊಡಿ. ‘ಆಗಿಲ್ಲವಂತೆ’ ಎಂದು ಫೋನಿನಲ್ಲಿ ಹೇಳಿದರೆ ಅವರಿಗೂ ಏನೂ ತಿಳಿಯದು.

ನಕ್ಷೆಯ ತಪ್ಪಲ್ಲದೆ ಮನೆಯ ತಪ್ಪೂ ಇರಬಹುದು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕೋಣೆಗಳಲ್ಲಿ ಒಂದಾದರೂ ಕನಿಷ್ಠ 9.5 ಚದರ ಮೀಟರ್, ಅಗಲ 2.4 ಮೀಟರ್ ಇರಬೇಕು; ಇನ್ನೊಂದು ಕೋಣೆ 7.5 ಚದರ ಮೀಟರ್, ಅಗಲ 2.1 ಮೀಟರಿಗಿಂತ ಕಡಿಮೆ ಇರಬಾರದು. ಅಡುಗೆಮನೆ 5 ಚದರ ಮೀಟರ್, ಅಗಲ 1.8 ಮೀಟರ್, ಬಚ್ಚಲು, ಶೌಚ ಒಟ್ಟಿಗಿದ್ದರೆ 2.8 ಚದರ ಮೀಟರ್. ಚಿಕ್ಕ ನಿವೇಶನದಲ್ಲಿ ಮೂರನೆಯ ಬೆಡ್‌ರೂಮ್ ಹೇಗಾದರೂ ತುರುಕಲು ಹೋದಾಗ 8×10 ಅಡಿಯ ಕೋಣೆ ಬರುತ್ತದೆ. ಅದು 7.4 ಚದರ ಮೀಟರ್ ಮಾತ್ರ. ಅಂಥ ಕಡೆ ಎರಡು ಕೋಣೆ ಮಾಡಿ ಗಾಳಿ ಬೆಳಕಿಗೆ ದೊಡ್ಡ ಕಿಟಕಿ ಇಟ್ಟುಕೊಳ್ಳುವುದೇ ಮೇಲು.

ಪ್ರಶ್ನೆ: ನಿವೇಶನದ ಪಕ್ಕದಲ್ಲೇ 11 ಕೆ.ವಿ. ತಂತಿ ಹೋಗಿದೆ. ಪರವಾನಗಿ ಸಿಗುತ್ತದೆಯೇ?

ಅಂತರ ಬಿಟ್ಟರೆ ಸಿಗುತ್ತದೆ. 11 ಕೆ.ವಿ. ತಂತಿಯಿಂದ ಕಟ್ಟಡಕ್ಕೆ ಅಡ್ಡಡ್ಡ 1.2 ಮೀಟರ್, ನೇರ ಮೇಲಕ್ಕಾದರೆ 3.7 ಮೀಟರ್ ಇರಬೇಕು. 33 ಕೆ.ವಿ. ಆದರೆ ಅಡ್ಡ ಅಂತರ 2 ಮೀಟರ್. ಅಳತೆ ಗೋಡೆಯಿಂದಲ್ಲ, ಬಾಲ್ಕನಿ, ಸಜ್ಜಾ ಯಾವುದು ಹೊರಚಾಚಿದೆಯೋ ಅದರ ಅಂಚಿನಿಂದ. ಇದು ಕನಿಷ್ಠ ಅಂತರ ಮಾತ್ರ. ಗಾಳಿಗೆ ತಂತಿ ತೂಗುತ್ತದೆ; ಸೆಂಟ್ರಿಂಗ್ ಕೆಲಸದವರ ಕೈಯಲ್ಲಿ ಇಪ್ಪತ್ತು ಅಡಿಯ ಕಬ್ಬಿಣದ ಸರಳು ಇರುತ್ತದೆ, ಅದನ್ನು ತಿರುಗಿಸುವಾಗ ಜೀವ ಹೋದದ್ದುಂಟು. ತಂತಿ ಸ್ಥಳಾಂತರಕ್ಕೆ ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಉಪವಿಭಾಗದಲ್ಲಿ ಅರ್ಜಿ ಕೊಟ್ಟು ಅಂದಾಜು ಪಟ್ಟಿ ಕೇಳಿ. ತಳಪಾಯಕ್ಕಿಂತ ಮೊದಲೇ ಈ ಕೆಲಸ ಆಗಲಿ.

ಪ್ರಶ್ನೆ: ಪರವಾನಗಿ ಸಿಕ್ಕಿದೆ. ಹೊರಗಿನ ಮೆಟ್ಟಿಲನ್ನು ಪಕ್ಕದ ಖಾಲಿ ಜಾಗದಲ್ಲಿ ಇಟ್ಟುಕೊಂಡರೆ ಒಳಗೆ ಜಾಗ ಉಳಿಯುತ್ತದೆ ಎನ್ನುತ್ತಾರೆ ಮೇಸ್ತ್ರಿ. ಆಮೇಲೆ ತೊಂದರೆ ಆಗುತ್ತದೆಯೇ?

ಆಗುತ್ತದೆ. ದಯವಿಟ್ಟು ಒಪ್ಪಬೇಡಿ. ಆ ‘ಖಾಲಿ ಜಾಗ’ವೇ ಸೆಟ್‌ಬ್ಯಾಕ್. 1 ಮೀಟರಿನ ಜಾಗದಲ್ಲಿ 90 ಸೆಂ.ಮೀ. ಅಗಲದ ಮೆಟ್ಟಿಲು ಕೂರಿಸಿದರೆ ಉಳಿಯುವುದು ಒಂದು ಗೇಣಿಗಿಂತ ಕಡಿಮೆ. ಕಿಟಕಿಗೆ ಗಾಳಿಯಿಲ್ಲ, ಚರಂಡಿ ಪೈಪು ಕಟ್ಟಿಕೊಂಡರೆ ಮನುಷ್ಯ ಒಳಹೋಗುವಂತಿಲ್ಲ.

ಕಾಗದದ ದೃಷ್ಟಿಯಿಂದಲೂ ಇದು ದುಬಾರಿ. ಅನುಮೋದಿತ ನಕ್ಷೆಯಂತೆ ಕಟ್ಟದಿದ್ದರೆ ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ, ವಾಸಯೋಗ್ಯ ಪ್ರಮಾಣಪತ್ರ ಸಿಗುವುದು ಕಷ್ಟ. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಅದನ್ನು ಪರಿಶೀಲಿಸಿಯೇ ಸಾಲ ಮಂಜೂರು ಮಾಡಬೇಕು ಎಂದು ಹೇಳಿದೆ. ಚಿಕ್ಕ ಮನೆಗಳಿಗೆ ಸರ್ಕಾರ ವಿನಾಯಿತಿ ಕೊಡುವುದುಂಟು. ನಿಮ್ಮ ನಿವೇಶನಕ್ಕೆ, ನಿಮ್ಮ ಊರಿಗೆ ಅದು ಅನ್ವಯವೇ ಎಂದು ಆದೇಶದ ಪ್ರತಿಯನ್ನೇ ಕೇಳಿ ಓದಿಕೊಳ್ಳಿ, ಬಾಯಿಮಾತು ನಂಬಬೇಡಿ. ವಿನಾಯಿತಿ ಇದ್ದರೂ ಸೆಟ್‌ಬ್ಯಾಕ್ ಬಿಡಬೇಕಾದ್ದು ತಪ್ಪುವುದಿಲ್ಲ.

ಮೆಟ್ಟಿಲಿನ ಜಾಗ ಬದಲಿಸಲೇಬೇಕಿದ್ದರೆ ಮೊದಲು ಪರಿಷ್ಕೃತ ನಕ್ಷೆಗೆ ಅರ್ಜಿ ಕೊಡಿ. ತಳಪಾಯದ ಮಟ್ಟಕ್ಕೆ ಬಂದಾಗ ಎಂಜಿನಿಯರನ್ನು ಕರೆಸಿ, ನಾಲ್ಕೂ ಕಡೆ ಗಡಿಯಿಂದ ಎಷ್ಟು ಬಿಟ್ಟಿದೆ ಎಂದು ಟೇಪು ಹಿಡಿದು ಫೋಟೊ ತೆಗೆಸಿಟ್ಟುಕೊಳ್ಳಿ. ಅಂಕಿ ಸ್ಪಷ್ಟವಾಗಿ ಕಾಣಬೇಕು. ಪರವಾನಗಿ ಪತ್ರದಲ್ಲಿ ಬರೆದ ಅವಧಿಯನ್ನೂ ನೋಡಿಕೊಳ್ಳಿ. ಮುಗಿಯುವ ಮೊದಲೇ ನವೀಕರಣಕ್ಕೆ ಕೊಟ್ಟರೆ ಹೊಸದಾಗಿ ಅರ್ಜಿ ಹಾಕುವುದು ತಪ್ಪುತ್ತದೆ. ಯಾವ ಅರ್ಜಿ ಕೊಟ್ಟರೂ ಸಕಾಲ ಸ್ವೀಕೃತಿ ಪಡೆಯದೆ ಹೊರಗೆ ಬರಬೇಡಿ. ಅದರಲ್ಲಿ 15 ಅಂಕಿಯ ಸಂಖ್ಯೆಯೂ ಕೆಲಸ ಮುಗಿಸಬೇಕಾದ ದಿನಾಂಕವೂ ಇರುತ್ತವೆ. ಆ ದಿನಾಂಕ ದಾಟಿದರೆ ಮೇಲ್ಮನವಿ ಕೊಡಲು ನಿಮಗಿರುವ ಆಧಾರ ಅದೇ.