ಪುಸ್ತಕದ ಜೊತೆ ಕರ್ನಲ್‌ನ ನೆಟ್‌ವರ್ಕಿಂಗ್ ಕೋಡ್ ಓದೋದು ಹೇಗೆ?

ನೀವು ರೈಟ್ ಮತ್ತು ಸ್ಟೀವನ್ಸ್ ಬರೆದ 'ಟಿಸಿಪಿ/ಐಪಿ ಇಲ್ಲಸ್ಟ್ರೇಟೆಡ್' ಎರಡನೇ ಸಂಪುಟ ಓದುತ್ತಾ ಪಕ್ಕದಲ್ಲಿ ಇವತ್ತಿನ ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ) ಕೋಡ್ ತೆರೆದಿದ್ದೀರಿ, ಯಾವುದೂ ತಾಳೆಯಾಗುತ್ತಿಲ್ಲ ಅಂತ ಕೇಳಿದ್ದೀರಿ. ತಾಳೆಯಾಗೋದೂ ಇಲ್ಲ. ಪುಸ್ತಕ ಬಂದಿದ್ದು 1995ರಲ್ಲಿ. ಅದರಲ್ಲಿರುವ ಸುಮಾರು 15,000 ಸಾಲಿನ ಸಿ ಕೋಡ್ 4.4ಬಿಎಸ್‌ಡಿ-ಲೈಟ್ ಎಂಬ ಯುನಿಕ್ಸ್ ಆವೃತ್ತಿಯದು. ಲಿನಕ್ಸ್‌ನ ನೆಟ್‌ವರ್ಕ್ ಕೋಡ್ ಬೇರೆಯಾಗಿಯೇ ಬೆಳೆದದ್ದು.

ಮೊದಲು 4.4ಬಿಎಸ್‌ಡಿ-ಲೈಟ್ ಕೋಡನ್ನೇ ಇಳಿಸಿಕೊಳ್ಳಿ, ಇಂಟರ್ನೆಟ್‌ನಲ್ಲಿ ಸಿಗುತ್ತದೆ. ಕೋಡ್‌ನಲ್ಲಿ ಹೆಸರು ಹುಡುಕಿಕೊಡುವ ಸಿಟ್ಯಾಗ್ಸ್ ಅಥವಾ ಸಿಸ್ಕೋಪ್ ಹಾಕಿಕೊಂಡರೆ ಫಂಕ್ಷನ್‌ನಿಂದ ಫಂಕ್ಷನ್‌ಗೆ ಹೋಗೋದು ಸುಲಭ. ಫೈಲನ್ನು ಮೊದಲ ಸಾಲಿನಿಂದ ಕೊನೆವರೆಗೆ ಓದಬೇಡಿ. ಒಂದು ಪ್ಯಾಕೆಟ್ ಹಿಡಿದು ಅದರ ಹಿಂದೆ ಹೋಗಿ. ಮೊದಲ ಅಧ್ಯಾಯದಲ್ಲೇ ಒಂದು ಯುಡಿಪಿ (ಕನೆಕ್ಷನ್ ಕಟ್ಟದೆ ಡೇಟಾ ಕಳಿಸುವ ಸರಳ ವಿಧಾನ) ಪ್ಯಾಕೆಟ್ ಕಳಿಸಿ ಉತ್ತರ ಪಡೆಯುವ ಪುಟ್ಟ ಪ್ರೋಗ್ರಾಂ ಇದೆ. ನನಗೆ ದಾರಿ ಸಿಕ್ಕಿದ್ದು ಅಲ್ಲಿಂದಲೇ.

ಎರಡನೇ ಅಧ್ಯಾಯದ ಎಂಬಫ್ (ಪ್ಯಾಕೆಟ್‌ನ ಡೇಟಾ ಇಡುವ ಮೆಮೊರಿ ತುಂಡು) ಮಾತ್ರ ದಯವಿಟ್ಟು ಬಿಡಬೇಡಿ. ನಾನು ಅದನ್ನು ಹಾರಿಸಿ, ಕನೆಕ್ಷನ್ ಕಟ್ಟಿ ಡೇಟಾ ಕಳಿಸುವ ಟಿಸಿಪಿಗೆ ನೇರ ಹೋದೆ. ಒಂದು ವಾರ ಕಳೆದರೂ ಏನೂ ತಲೆಗೆ ಹತ್ತಲಿಲ್ಲ. ವಾಪಸ್ ಬಂದು ಹಾಳೆ ಮೇಲೆ ಚಿತ್ರ ಬರೆಯುತ್ತಾ ಓದಿದೆ. ಆ ಕೋಡ್‌ನಲ್ಲಿ ಒಂದು ಎಂಬಫ್ ಅಂದರೆ 128 ಬೈಟ್. ಜಾಸ್ತಿ ಡೇಟಾ ಇದ್ದರೆ 2048 ಬೈಟಿನ ಕ್ಲಸ್ಟರ್ ಎಂಬ ದೊಡ್ಡ ತುಂಡಿಗೆ ಹೋಗುತ್ತದೆ, ಅಥವಾ ಎಂಬಫ್‌ಗಳ ಸರಪಳಿಯಾಗುತ್ತದೆ. ಹಾಗಾಗಿ 20 ಬೈಟಿನ ಐಪಿ ಹೆಡರ್ (ಪ್ಯಾಕೆಟ್‌ನ ಮೊದಲಲ್ಲಿರುವ ವಿಳಾಸ ಇತ್ಯಾದಿ ಮಾಹಿತಿ) ಕೂಡ ಎರಡು ತುಂಡಾಗಿ ಕೂತಿರಬಹುದು. ಆಗ ಅದರ ಮೇಲೆ ಸ್ಟ್ರಕ್ಟ್ ಪಾಯಿಂಟರ್ (ಮೆಮೊರಿಯಲ್ಲಿ ಒಟ್ಟಿಗೆ ಕೂತ ಡೇಟಾ ತೋರಿಸುವ ಗುರುತು) ಇಟ್ಟು ಓದೋಕಾಗಲ್ಲ ಅಲ್ವಾ? ಅದಕ್ಕೇ ಐಪಿ ಕೋಡ್ ಮೊದಲು ಎಂ-ಪುಲ್‌ಅಪ್ ಕರೆದು, ಹೆಡರ್ ಪೂರ್ತಿ ಒಂದೇ ಕಡೆ ಇರುವಂತೆ ಮಾಡಿಕೊಳ್ಳುತ್ತದೆ. ಇದು ಅರ್ಥವಾದ ದಿನ ನನಗಾದ ಖುಷಿ ಇನ್ನೂ ನೆನಪಿದೆ.

ಆಮೇಲೆ ಯುಡಿಪಿ ಮುಗಿಸಿ. ಒಳಗೆ ಬಂದ ಟಿಸಿಪಿ ಪ್ಯಾಕೆಟ್ ನೋಡಿಕೊಳ್ಳುವ ಟಿಸಿಪಿ ಇನ್‌ಪುಟ್ ಕೊನೆಗಿರಲಿ. ಆ ಒಂದು ಫಂಕ್ಷನ್‌ಗೇ ಪುಸ್ತಕ ಎರಡು ಅಧ್ಯಾಯ ಕೊಟ್ಟಿದೆ. ಓದುವಾಗ ಇನ್ನೊಂದು ಕಿಟಕಿಯಲ್ಲಿ ಹೋಗಿ ಬರುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಓಡುತ್ತಿರಲಿ, ಯಾವ ಸಾಲು ಯಾವ ಪ್ಯಾಕೆಟ್‌ಗೆ ಅಂತ ಕಣ್ಣಿಗೆ ಕಾಣುತ್ತದೆ.

ಇಷ್ಟಾದ ಮೇಲೆ ಇವತ್ತಿನ ಫ್ರೀಬಿಎಸ್‌ಡಿ ಆಪರೇಟಿಂಗ್ ಸಿಸ್ಟಮ್‌ನ ಕೋಡ್ ತೆರೆಯಿರಿ. ಅದೇ ಮನೆತನದ ಕೋಡ್, ಹಳೇ ಹೆಸರುಗಳು ಎಷ್ಟೋ ಹಾಗೇ ಇವೆ. ಬದಲಾದ ಜಾಗದಲ್ಲಿ ನಿಂತು ಯಾಕೆ ಅಂತ ಕೇಳಿಕೊಳ್ಳಿ. ಪುಸ್ತಕದ ಕೋಡ್‌ನಲ್ಲಿ ಸಿನ್ ಪ್ಯಾಕೆಟ್ (ಕನೆಕ್ಷನ್ ಕೇಳುವ ಮೊದಲ ಪ್ಯಾಕೆಟ್) ಬಂದ ತಕ್ಷಣ ಹೊಸ ಸಾಕೆಟ್ (ಕನೆಕ್ಷನ್‌ನ ಒಂದು ತುದಿ) ಹುಟ್ಟುತ್ತದೆ. ಈಗ ಹಾಗಿಲ್ಲ, ಸಿನ್‌ಕ್ಯಾಶ್ ಅನ್ನುವ ಬೇರೆ ಫೈಲೇ ಇದೆ. ಯಾಕೆ ಅಂದರೆ, 1996ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಇಂಟರ್ನೆಟ್ ಸೇವಾ ಕಂಪನಿಯ ಮೇಲೆ ಸುಳ್ಳು ವಿಳಾಸದ ಸಿನ್ ಪ್ಯಾಕೆಟ್‌ಗಳ ಮಳೆ ಸುರಿಯಿತು. ಅರ್ಧ ತೆರೆದ (ಆ ಕಡೆಯ ಕೊನೆಯ ಒಪ್ಪಿಗೆಗೆ ಕಾಯುತ್ತಿರುವ) ಕನೆಕ್ಷನ್‌ಗಳೇ ಜಾಗವೆಲ್ಲ ತಿಂದರೆ ಏನಾಗುತ್ತದೆ ಅಂತ ಆಗ ಎಲ್ಲರಿಗೂ ಗೊತ್ತಾಯಿತು. ಪುಸ್ತಕ ಅಚ್ಚಾದ ಮರುವರ್ಷದ ಕಥೆ ಇದು, ಹಾಗಾಗಿ ಪುಸ್ತಕದಲ್ಲಿ ಸಿಗಲ್ಲ.

ಲಿನಕ್ಸ್ ಆಮೇಲೆ ಓದಿ. ಅಲ್ಲಿ ಎಂಬಫ್ ಬದಲು ಎಸ್‌ಕೆ-ಬಫ್ ಇದೆ, ರಚನೆ ಪೂರ್ತಿ ಬೇರೆ. ಆದರೆ ಐಪಿ ಪ್ಯಾಕೆಟ್ ಒಳಗೆ ಬರುವ ಫಂಕ್ಷನ್ ನೋಡಿ: ಹೆಡರ್ ಮುಟ್ಟುವ ಮೊದಲು ಪಿಎಸ್‌ಕೆಬಿ-ಮೇ-ಪುಲ್ ಅನ್ನುವ ಕರೆ ಸಿಗುತ್ತದೆ. ಅದು ಯಾಕಿದೆ ಅಂತ ಆಗ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.