ಹಳೇ ಬ್ಲಾಗನ್ನ ಸ್ಟ್ಯಾಟಿಕ್ ಸೈಟ್ ಮಾಡೋಕೆ ಹೊರಟವ್ರ ಪ್ರಶ್ನೆಗಳು

ಈ ಸಲ ಬಂದಿರೋ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷ್ಯದ ಸುತ್ತ ಇವೆ. ವರ್ಷಗಟ್ಟಲೆ ಬರ್ಕೊಂಡು ಬಂದ ಬ್ಲಾಗನ್ನ ಬ್ಲಾಗರ್ ಅಥ್ವಾ ವರ್ಡ್‌ಪ್ರೆಸ್‌ನಿಂದ ಎತ್ತಿ ಹ್ಯೂಗೋ, ಜೆಕಿಲ್ ಥರದ ಸ್ಟ್ಯಾಟಿಕ್ ಸೈಟ್ ಜನರೇಟರಿಗೆ ಹಾಕೋದು ಹೇಗೆ ಅಂತ. ಮಿಕ್ಕ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇವತ್ತು ಬರೀ ಇದನ್ನೇ ನೋಡೋಣ.

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. 2008ರಿಂದ ಬ್ಲಾಗರಲ್ಲಿ ಬರೀತಿದೀನಿ, ಕವಿತೆ, ಪ್ರಬಂಧ, ಊರಿನ ಕಥೆ ಎಲ್ಲಾ ಸೇರಿ ನಾನೂರರ ಹತ್ತಿರ ಇರಬಹುದು. ಆಮೇಲೆ ಸ್ವಂತ ಡೊಮೈನ್ ತಗೊಂಡು ಅದಕ್ಕೇ ಜೋಡಿಸಿದೀನಿ. ಅಣ್ಣನ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದಾನೆ, "ಚಿಕ್ಕಪ್ಪ, ಇದನ್ನ ಹ್ಯೂಗೋಗೆ ಹಾಕ್ಬಿಡೋಣ, ಒಂದು ಭಾನುವಾರದ ಕೆಲಸ" ಅಂತಾನೆ. ಹಾಕ್ಬೋದಾ? ಹಳೇ ಬರಹ ಏನೂ ಹಾಳಾಗಲ್ವಾ? (ಸಾಗರದಿಂದ ಒಬ್ಬ ಓದುಗರು)

ಉತ್ತರ: ಧಾರಾಳವಾಗಿ ಹಾಕ್ಬೋದು ಮೇಷ್ಟ್ರೇ. ಆದ್ರೆ ಒಂದು ಭಾನುವಾರದಲ್ಲಿ ಮುಗಿಯೋದು ಹೊಸ ಸೈಟು ಕಣ್ಣಿಗೆ ಕಾಣೋ ಅಷ್ಟು ಕೆಲಸ ಮಾತ್ರ. ನಾನೂರು ಬರಹ ಇದ್ದ ವಿಳಾಸದಲ್ಲೇ, ಇದ್ದ ರೂಪದಲ್ಲೇ ಸಿಗ್ಬೇಕು ಅಂದ್ರೆ ಇನ್ನೂ ನಾಲ್ಕಾರು ಭಾನುವಾರ ಇಟ್ಕೊಳ್ಳಿ ಅಂತ ನಿಮ್ಮ ಹುಡುಗನಿಗೆ ಹೇಳಿ.

ಮೊದ್ಲು ಇದೇನು ಅಂತ ಚಿಕ್ಕದಾಗಿ ಹೇಳ್ತೀನಿ. ವರ್ಡ್‌ಪ್ರೆಸ್ ಥರದ್ರಲ್ಲಿ ಓದುಗರು ಬಂದಾಗ ಡೇಟಾಬೇಸಿಂದ ಬರಹ ತೆಗೆದು ಪೇಜ್ ಕಟ್ಟಿ ಕೊಡ್ತಾರೆ. ಸ್ಟ್ಯಾಟಿಕ್ ಜನರೇಟರು ಎಲ್ಲಾ ಪೇಜುಗಳನ್ನ ನಿಮ್ಮ ಕಂಪ್ಯೂಟರಲ್ಲೇ ಮುಂಚೆನೇ ಎಚ್‌ಟಿಎಂಎಲ್ ಫೈಲ್ (ಬ್ರೌಸರ್ ನೇರವಾಗಿ ತೋರಿಸೋ ಪೇಜ್) ಮಾಡಿಡತ್ತೆ, ಸರ್ವರಿಗೆ ಆ ಫೈಲ್ ಎತ್ತಿ ಕೊಡೋದಷ್ಟೇ ಕೆಲಸ. ಜೆಕಿಲ್ 2008ರಲ್ಲಿ ಬಂತು, ರೂಬಿಯಲ್ಲಿ ಬರ್ದಿದ್ದು. ಹ್ಯೂಗೋ 2013ರದ್ದು, ಗೋ ಭಾಷೆಯಲ್ಲಿದೆ, ಒಂದೇ ಒಂದು ಪ್ರೋಗ್ರಾಂ ಫೈಲು, ವಿಂಡೋಸ್ ಲ್ಯಾಪ್‌ಟಾಪಲ್ಲಿ ಬೇರೇನೂ ಇನ್‌ಸ್ಟಾಲ್ ಮಾಡದೇನೇ ಓಡತ್ತೆ, ಹಾಗಾಗಿ ನಿಮ್ಮ ಅಣ್ಣನ ಮಗ ಆರಿಸಿದ್ದು ಸರಿಯಾಗೇ ಇದೆ. ನನ್ ಪ್ರಕಾರ ಇದ್ರ ದೊಡ್ಡ ಲಾಭ ವೇಗ ಅಲ್ಲ. ನಿಮ್ಮ ನಾನೂರು ಬರಹವೂ ನಾನೂರು ಸಾದಾ ಫೈಲಾಗಿ ನಿಮ್ಮ ಹತ್ರಾನೇ ಇರತ್ತೆ, ಪೆನ್‌ಡ್ರೈವಿಗೆ ಹಾಕಿ ಮೊಮ್ಮಕ್ಕಳ ಕೈಗೆ ಕೊಡ್ಬೋದು, ನಾಳೆ ಹ್ಯೂಗೋನೇ ನಿಂತುಹೋದ್ರೂ ನೋಟ್‌ಪ್ಯಾಡಲ್ಲಿ ತೆಗೆದು ಓದ್ಬೋದು.

ಈಗ ನಿಜವಾದ ಕೆಲಸಕ್ಕೆ ಬರೋಣ. ನಿಮ್ಮ ಬ್ಲಾಗಿನ ಯಾವ್ದಾದ್ರೂ ಒಂದು ಬರಹ ತೆಗೆದು ಮೇಲಿನ ವಿಳಾಸ ನೋಡಿ. ಬ್ಲಾಗರ್ ವಿಳಾಸ ಮಾಡೋವಾಗ ಶೀರ್ಷಿಕೆಯಲ್ಲಿರೋ ಇಂಗ್ಲಿಷ್ ಅಕ್ಷರ, ಅಂಕಿ ಮಾತ್ರ ಇಟ್ಕೊಂಡು ಕನ್ನಡಾನ ಬಿಟ್ಬಿಡತ್ತೆ, ಅದಕ್ಕೇ ಕನ್ನಡ ಬ್ಲಾಗುಗಳ ವಿಳಾಸ ಎಲ್ಲಾ 2009/05/ಬ್ಲಾಗ್-ಪೋಸ್ಟ್.ಎಚ್‌ಟಿಎಂಎಲ್, ಬ್ಲಾಗ್-ಪೋಸ್ಟ್_23.ಎಚ್‌ಟಿಎಂಎಲ್ ಅಂತ ಇರೋದು. ನೋಡೋಕೆ ಚೆಂದ ಇಲ್ಲ ನಿಜ, ಆದ್ರೆ ಹದಿನೈದು ವರ್ಷದಿಂದ ಯಾರ್ಯಾರೋ ತಮ್ಮ ಬರಹದಲ್ಲಿ, ವಿಕಿಪೀಡಿಯದ ಅಡಿಟಿಪ್ಪಣಿಯಲ್ಲಿ, ಇಮೇಲಲ್ಲಿ ನಿಮ್ಮನ್ನ ಉಲ್ಲೇಖ ಮಾಡಿರೋದು ಇದೇ ವಿಳಾಸದಿಂದ. ಹುಡುಗರು ಉತ್ಸಾಹದಲ್ಲಿ ಇದನ್ನೆಲ್ಲ ಅಂದವಾಗಿ ಮಾಡೋಕೆ ಹೋಗ್ತಾರೆ, ಆವಾಗ ನಾನೂರು ಲಿಂಕೂ ಒಂದೇ ದಿನದಲ್ಲಿ ಸತ್ತುಹೋಗತ್ತೆ. ದಯವಿಟ್ಟು ಇದಕ್ಕೆ ಒಪ್ಬೇಡಿ. ಕನ್ನಡದ ಎಷ್ಟೋ ಒಳ್ಳೇ ಬರಹ ಈಗ ಹುಡುಕಿದ್ರೂ ಸಿಗಲ್ಲ, ಬರೆದೋರು ಅಳಿಸಿದ್ದಕ್ಕಲ್ಲ, ವಿಳಾಸ ಬದಲಾಗಿದ್ದಕ್ಕೆ.

ಮಾಡ್ಬೇಕಾದ್ದು ಇಷ್ಟು. ಬ್ಲಾಗರ್ ಸೆಟ್ಟಿಂಗ್ಸಲ್ಲಿ ಬ್ಯಾಕಪ್ ಕೊಟ್ರೆ ಬರಹ, ಕಾಮೆಂಟ್ ಎಲ್ಲಾ ಇರೋ ಒಂದು ಫೈಲ್ ಸಿಗತ್ತೆ, ಅದ್ರಲ್ಲಿ ಪ್ರತಿ ಬರಹದ ಹಳೇ ವಿಳಾಸಾನೂ ಇರತ್ತೆ. ಹ್ಯೂಗೋದಲ್ಲಿ ಪ್ರತಿ ಫೈಲಿನ ತಲೆಯಲ್ಲಿ ಶೀರ್ಷಿಕೆ, ತಾರೀಕು ಬರೆಯೋ ಜಾಗ ಇದೆಯಲ್ಲ, ಅಲ್ಲೇ ಯುಆರ್‌ಎಲ್ ಅಂತ ಒಂದು ಸಾಲು ಸೇರಿಸಿ ಆ ಹಳೇ ವಿಳಾಸಾನ ಅಕ್ಷರಶಃ ಹಾಕಿದ್ರೆ ಪೇಜು ಅಲ್ಲೇ ತಯಾರಾಗತ್ತೆ, ಕೊನೇಲಿರೋ ಎಚ್‌ಟಿಎಂಎಲ್ ಸಮೇತ. ಜೆಕಿಲಲ್ಲಾದ್ರೆ ಅದೇ ಕೆಲಸಕ್ಕೆ ಪರ್ಮಾಲಿಂಕ್ ಅನ್ನೋ ಸಾಲು. ಡೊಮೈನು ನಿಮ್ದೇ ಆಗಿರೋದ್ರಿಂದ ಓದುಗರಿಗೆ ಬದಲಾವಣೆ ಗೊತ್ತೂ ಆಗಲ್ಲ. ಇನ್ನೊಂದು ಮುಖ್ಯ ವಿಷ್ಯ, ಹೊಸ ಸೈಟ್ ಶುರುವಾದ ಮೇಲೂ ಬ್ಲಾಗರಲ್ಲಿರೋ ಬ್ಲಾಗನ್ನ ಡಿಲೀಟ್ ಮಾಡ್ಬೇಡಿ, ಅಲ್ಲಿನ ಕಸ್ಟಮ್ ಡೊಮೈನ್ ಸೆಟ್ಟಿಂಗನ್ನೂ ತೆಗೀಬೇಡಿ, ಡೊಮೈನ್ ತಗೊಳ್ಳೋಕೆ ಮುಂಚಿನ ಬ್ಲಾಗ್‌ಸ್ಪಾಟ್ ವಿಳಾಸ ಹಿಡ್ಕೊಂಡು ಬರೋರನ್ನ ನಿಮ್ಮ ಡೊಮೈನಿಗೆ ದಾಟಿಸೋದು ಅದೇ.

ಫೋಟೋ ವಿಷ್ಯ. ಬ್ಯಾಕಪ್ ಫೈಲಲ್ಲಿ ಚಿತ್ರಗಳು ಇರಲ್ಲ, ಗೂಗಲ್ ಸರ್ವರಲ್ಲಿರೋ ಚಿತ್ರದ ಲಿಂಕ್ ಅಷ್ಟೇ ಇರೋದು, ಆ ಲಿಂಕಿನ ಮಧ್ಯೆ ಎಸ್320 ಅಂತ ಏನಾದ್ರೂ ಕಂಡ್ರೆ ಅದು ಚಿಕ್ಕ ಸೈಜು. ಅದನ್ನ ಎಸ್0 ಅಂತ ಬದಲಾಯಿಸಿ ಇಳಿಸಿಕೊಂಡ್ರೆ ಅಲ್ಲಿ ಇಟ್ಟಿರೋದ್ರಲ್ಲಿ ದೊಡ್ಡದು ಬರತ್ತೆ. ನಾನೂರು ಬರಹದ ಚಿತ್ರಗಳಿಗೂ ಇದನ್ನ ಮಾಡೋಕೆ ಒಂದು ಸಣ್ಣ ಸ್ಕ್ರಿಪ್ಟ್ ಸಾಕು.

ಕವಿತೆಗಳಿವೆ ಅಂದ್ರಲ್ಲ, ಅದಕ್ಕೇ ಇದನ್ನ ಒತ್ತಿ ಹೇಳ್ತೀನಿ. ಎಲ್ಲಾನೂ ಮಾರ್ಕ್‌ಡೌನಿಗೆ (ಸಾದಾ ಪಠ್ಯದಲ್ಲೇ ಸಣ್ಣ ಚಿಹ್ನೆ ಹಾಕಿ ಬರೆಯೋ ರೂಪ) ಕನ್ವರ್ಟ್ ಮಾಡ್ಬೇಕು ಅಂತ ನಿಮ್ಮ ಹುಡುಗ ಹೇಳ್ಬೋದು. ಮಾರ್ಕ್‌ಡೌನಲ್ಲಿ ಒಂದು ಎಂಟರ್ ಹೊಡೆದ್ರೆ ಸಾಲು ಮುರಿಯಲ್ಲ, ಹಿಂದಿನ ಸಾಲಿಗೇ ಅಂಟ್ಕೊಳತ್ತೆ, ಸಾಲಿನ ಕೊನೆಗೆ ಎರಡು ಸ್ಪೇಸ್ ಇದ್ರೆ ಮುರಿಯತ್ತೆ, ಎಷ್ಟೋ ಎಡಿಟರುಗಳು ಸೇವ್ ಮಾಡೋವಾಗ ಆ ಸ್ಪೇಸನ್ನ ತಾವೇ ಅಳಿಸಿಬಿಡತ್ವೆ. ಹಾಗಾದಾಗ ನಾಲ್ಕು ಸಾಲಿನ ಪದ್ಯ ಒಂದೇ ಗದ್ಯದ ಸಾಲಾಗಿ ನಿಲ್ಲತ್ತೆ. ಖಾಲಿ ಸಾಲು ಬಿಟ್ಟ ಮೇಲೆ ಒಳಗೆ ಸರಿಸಿ ಬರೆದ ಸಾಲುಗಳ ಮುಂದೆ ನಾಲ್ಕು ಸ್ಪೇಸ್ ಇದ್ರಂತೂ ಅದನ್ನ ಪ್ರೋಗ್ರಾಂ ಕೋಡ್ ಅಂದ್ಕೊಂಡು ಬೂದು ಡಬ್ಬಿಯೊಳಗೆ ಹಾಕ್ಬಿಡತ್ತೆ. ಜೊತೆಗೆ ಹ್ಯೂಗೋ ತಾನಾಗೇ ಮಾರ್ಕ್‌ಡೌನ್ ಒಳಗಿರೋ ಎಚ್‌ಟಿಎಂಎಲನ್ನ ತೆಗೆದುಹಾಕತ್ತೆ, ನೀವು ಸೇರಿಸಿದ ಯೂಟ್ಯೂಬ್ ವೀಡಿಯೋಗಳೆಲ್ಲ ಮಾಯ. ನನ್ನ ಸಲಹೆ ಏನಂದ್ರೆ ಹಳೇ ಬರಹಗಳನ್ನ ಮಾರ್ಕ್‌ಡೌನ್ ಮಾಡೋ ಗೋಜಿಗೇ ಹೋಗ್ಬೇಡಿ. ಹ್ಯೂಗೋ ಎಚ್‌ಟಿಎಂಎಲ್ ಫೈಲನ್ನೂ ಹಾಗೇ ತಗೊಳತ್ತೆ, ತಲೆಯಲ್ಲಿ ತಾರೀಕು ಶೀರ್ಷಿಕೆ ಇದ್ರೆ ಸಾಕು. ಹಳೇದು ಎಚ್‌ಟಿಎಂಎಲಲ್ಲೇ ಇರ್ಲಿ, ಇನ್ಮುಂದೆ ಬರೆಯೋದನ್ನ ಮಾರ್ಕ್‌ಡೌನಲ್ಲಿ ಬರೀರಿ, ಎರಡೂ ಒಂದೇ ಸೈಟಲ್ಲಿ ಅಕ್ಕಪಕ್ಕ ಆರಾಮಾಗಿ ಇರತ್ವೆ.

ಪ್ರಶ್ನೆ: ನಮ್ದು ಅಡುಗೆ ಮತ್ತು ಊರುಕೇರಿ ಬಗ್ಗೆ ಬರೆಯೋ ವರ್ಡ್‌ಪ್ರೆಸ್ ಸೈಟು. ಹೋಸ್ಟಿಂಗ್ ದುಡ್ಡು, ಪ್ಲಗಿನ್ ಅಪ್‌ಡೇಟ್ ಕಾಟ ಸಾಕಾಗಿ ಹ್ಯೂಗೋಗೆ ಹಾಕ್ದೆ. ಎರಡು ತೊಂದ್ರೆ. ಒಂದು, ಕೆಲವು ಹಳೇ ಲಿಂಕ್ ಕೆಲಸ ಮಾಡ್ತವೆ, ಕೆಲವು ಮಾಡಲ್ಲ, ಯಾಕೆ ಅಂತ ತಿಳೀತಿಲ್ಲ. ಎರಡು, ಕೆಲವು ಪದಗಳ ಒತ್ತಕ್ಷರ ಕೆಟ್ಟು ಓದೋಕೆ ಆಗ್ತಿಲ್ಲ. ಫಾಂಟ್ ಬದಲಾಯಿಸಿದ್ರೂ ಹಾಗೇ. (ತೀರ್ಥಹಳ್ಳಿಯಿಂದ ಒಬ್ಬ ಓದುಗರು)

ಉತ್ತರ: ಎರಡಕ್ಕೂ ಕಾರಣ ಪಕ್ಕಾ ಹೇಳ್ಬೋದು ಮೇಡಂ. ವರ್ಡ್‌ಪ್ರೆಸ್ ಬ್ಲಾಗರ್ ಥರ ಕನ್ನಡ ಬಿಡಲ್ಲ, ಶೀರ್ಷಿಕೆಯನ್ನ ಪರ್ಸೆಂಟ್ ಚಿಹ್ನೆಗಳಿರೋ ರೂಪಕ್ಕೆ ತಿರುಗಿಸಿ ಇಟ್ಕೊಳತ್ತೆ. ಹಾಗೆ ಮಾಡಿದಾಗ ಒಂದೊಂದು ಕನ್ನಡ ಚಿಹ್ನೆಗೂ 9 ಅಕ್ಷರದ ಜಾಗ ಬೇಕು, ಕಾಗುಣಿತ, ಒತ್ತು ಎಲ್ಲಾ ಬೇರೆ ಬೇರೆ ಲೆಕ್ಕ. ಅದಕ್ಕಿರೋ ಒಟ್ಟು ಜಾಗ 200. ಅಂದ್ರೆ ಹೆಚ್ಚುಕಮ್ಮಿ 22 ಚಿಹ್ನೆ ಆದ ಮೇಲೆ ಕತ್ತರಿಸಿಬಿಡತ್ತೆ. "ಮಲೆನಾಡಿನ ಮಳೆಗಾಲದ ಅಡುಗೆಗಳು" ಅಂತ ಶೀರ್ಷಿಕೆ ಕೊಟ್ರೆ ಅದ್ರಲ್ಲಿ 23 ಚಿಹ್ನೆ, ಹಾಗಾಗಿ ಕೊನೇ ಕೊಂಬು ಬಿದ್ದುಹೋಗಿ ವಿಳಾಸ "ಮಲೆನಾಡಿನ-ಮಳೆಗಾಲದ-ಅಡುಗೆಗಳ" ಅಂತ ಆಗಿರತ್ತೆ. ನೀವು ಹೊಸ ಸೈಟಲ್ಲಿ ಶೀರ್ಷಿಕೆಯಿಂದಾನೇ ವಿಳಾಸ ಮಾಡಿಸಿದೀರಿ ಅನ್ಸತ್ತೆ, ಅದ್ರಲ್ಲಿ ಪೂರ್ತಿ ಬಂದಿದೆ. ಅದಕ್ಕೇ ಚಿಕ್ಕ ಶೀರ್ಷಿಕೆಯವು ಸರಿ ಇವೆ, ಉದ್ದದವು ಸಿಗ್ತಿಲ್ಲ. ವರ್ಡ್‌ಪ್ರೆಸ್‌ನ ಎಕ್ಸ್‌ಪೋರ್ಟ್ ಎಕ್ಸ್‌ಎಂಎಲ್ ಫೈಲಲ್ಲಿ ಪೋಸ್ಟ್ ನೇಮ್ ಅನ್ನೋ ಜಾಗದಲ್ಲಿ ಕತ್ತರಿಸಿದ ಹಳೇ ರೂಪಾನೇ ಇದೆ, ಅದನ್ನೇ ತಗೊಳ್ಳಿ. ಹೊಸ ಸೈಟಿನ ಉದ್ದ ವಿಳಾಸಕ್ಕೂ ಈಗಾಗ್ಲೇ ಜನ ಬಂದಿದ್ರೆ ಅದನ್ನ ಏಲಿಯಾಸ್ (ಅದೇ ಬರಹದ ಇನ್ನೊಂದು ವಿಳಾಸ) ಅಂತ ಸೇರಿಸಿ, ಅದಕ್ಕೆ ಬಂದೋರನ್ನ ಹ್ಯೂಗೋ ಸರಿಯಾದ ಜಾಗಕ್ಕೆ ಕಳಿಸತ್ತೆ.

ಒತ್ತಕ್ಷರದ ವಿಷ್ಯ ಇನ್ನೂ ಸೂಕ್ಷ್ಮ. ಸಾಫ್ಟ್‌ವೇರ್, ರಾಜ್‌ಕುಮಾರ್ ಅಂತ ಟೈಪ್ ಮಾಡೋವಾಗ ಅರ್ಧಾಕ್ಷರ ಬಿಡಿಯಾಗಿ ನಿಲ್ಲೋಕೆ ಮಧ್ಯೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರತ್ತೆ, ಜೀರೋ ವಿಡ್ತ್ ನಾನ್ ಜಾಯಿನರ್ ಅಂತ. ರ‍್ಯಾಂಕ್, ರ‍್ಯಾಲಿ ಬರೆಯೋಕೆ ಅದ್ರ ತಮ್ಮ ಜೀರೋ ವಿಡ್ತ್ ಜಾಯಿನರ್ ಬೇಕು. ನೀವು ಬಳಸಿದ ಕನ್ವರ್ಟರು ಇವನ್ನ ಕಸ ಅಂದ್ಕೊಂಡು ಗುಡಿಸಿಹಾಕಿರೋದು, ಅದಕ್ಕೇ ಸಾಫ್ಟ್ವೇರ್ ಅಂತ ಒತ್ತು ಕೆಳಗೆ ಹೋಗಿದೆ, ರ್ಯಾಲಿ ಅಂತ ಅರ್ಕಾವತ್ತು ಬಂದಿದೆ. ಫಾಂಟಿಂದ ಇದು ಸರಿಯಾಗಲ್ಲ, ಅಕ್ಷರಾನೇ ಹೋಗ್ಬಿಟ್ಟಿದೆ. ಒಂದೊಂದೇ ತಿದ್ದೋಕೆ ಕೂರಬೇಡಿ, ಮೂಲ ಎಕ್ಸ್‌ಎಂಎಲ್ ಫೈಲಿಗೆ ವಾಪಸ್ ಹೋಗಿ, ಸ್ಕ್ರಿಪ್ಟಲ್ಲಿ ಕಾಣದ ಅಕ್ಷರ ತೆಗೆಯೋ ಸಾಲನ್ನ ತೆಗೆಸಿ ಮತ್ತೆ ಕನ್ವರ್ಟ್ ಮಾಡಿಸಿ. ಥೀಮಲ್ಲೂ ಒಂದು ನೋಡ್ಕೊಳ್ಳಿ, ಭಾಷೆ ಕೆಎನ್ ಅಂತ ಇರ್ಬೇಕು, ಸಾಲಿನ ಅಂತರ ಇಂಗ್ಲಿಷಿಗೆ ಇಟ್ಟಿದ್ದಕ್ಕಿಂತ ಜಾಸ್ತಿ ಬೇಕು, 1.8 ಕೊಟ್ಟು ನೋಡಿ, ಇಲ್ಲಾಂದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗತ್ತೆ.

ಪ್ರಶ್ನೆ: ಸ್ಟ್ಯಾಟಿಕ್ ಸೈಟಲ್ಲಿ ಕಾಮೆಂಟ್ ಇರಲ್ವಂತೆ. ನನ್ನ ಬರಹಕ್ಕಿಂತ ಅದ್ರ ಕೆಳಗಿನ ಚರ್ಚೆನೇ ಚೆನ್ನಾಗಿದೆ, ಅದನ್ನ ಬಿಟ್ಟು ಬರೋಕೆ ಮನಸ್ಸಿಲ್ಲ. (ಪುತ್ತೂರಿಂದ)

ಉತ್ತರ: ಬಿಟ್ಟು ಬರಲೇಬೇಡಿ. ಕನ್ನಡ ಬ್ಲಾಗುಗಳ ಅರ್ಧ ಜೀವ ಆ ಕಾಮೆಂಟುಗಳಲ್ಲೇ ಇದೆ, ಯಾರೋ ತಮ್ಮ ಊರಲ್ಲಿ ಇದಕ್ಕೆ ಬೇರೆ ಹೆಸರಿದೆ ಅಂತ ಬರ್ದಿರ್ತಾರೆ, ಇನ್ಯಾರೋ ತಪ್ಪು ತಿದ್ದಿರ್ತಾರೆ. ಹೊಸ ಕಾಮೆಂಟ್ ತಗೊಳ್ಳೋಕೆ ಸ್ಟ್ಯಾಟಿಕ್ ಸೈಟಿಗೆ ಆಗಲ್ಲ ಅನ್ನೋದು ನಿಜ, ಹಳೇದನ್ನ ಇಟ್ಕೊಳ್ಳೋಕೆ ಏನೂ ಅಡ್ಡಿ ಇಲ್ಲ. ಎಕ್ಸ್‌ಪೋರ್ಟ್ ಫೈಲಿಂದ ಹೆಸರು, ತಾರೀಕು, ಮಾತು ಮೂರನ್ನ ತೆಗೆದು ಆಯಾ ಬರಹದ ಕೆಳಗೆ ಸಾದಾ ಪಠ್ಯವಾಗಿ ಅಚ್ಚು ಹಾಕಿಸ್ಬಿಡಿ.

ಮೂರೇ ಯಾಕಂದ್ರೆ, ವರ್ಡ್‌ಪ್ರೆಸ್ ಫೈಲಲ್ಲಿ ಕಾಮೆಂಟ್ ಮಾಡಿದೋರ ಇಮೇಲು, ಐಪಿ ವಿಳಾಸಾನೂ ಇರತ್ತೆ. ಅದ್ರ ಜೊತೆ ನೀವು ಪ್ರಕಟಿಸದ ಡ್ರಾಫ್ಟು, ಪ್ರೈವೇಟ್ ಬರಹಗಳೂ ಇರತ್ವೆ. ತುಂಬಾ ಜನ ಈ ಫೈಲನ್ನೂ ಸೇರಿಸಿ ಇಡೀ ಫೋಲ್ಡರನ್ನ ಗಿಟ್‌ಹಬ್ ಅನ್ನೋ ಕೋಡ್ ಇಡೋ ತಾಣದಲ್ಲಿ ಎಲ್ಲರಿಗೂ ಕಾಣೋ ಪಬ್ಲಿಕ್ ರೆಪೊಸಿಟರಿಗೆ ಏರಿಸ್ಬಿಡ್ತಾರೆ. ಆಮೇಲೆ ಫೈಲ್ ಅಳಿಸಿದ್ರೂ ಹಳೇ ಕಮಿಟಲ್ಲಿ, ಅಂದ್ರೆ ಅಲ್ಲಿ ಉಳಿದಿರೋ ಹಿಂದಿನ ಪ್ರತಿಯಲ್ಲಿ, ಅದು ಹಾಗೇ ಇರತ್ತೆ. ನಿಮ್ಮನ್ನ ನಂಬಿ ಇಮೇಲ್ ಕೊಟ್ಟೋರ ವಿಷ್ಯ ಇದು, ಎಕ್ಸ್‌ಎಂಎಲ್ ಫೈಲು ಆ ಫೋಲ್ಡರ್ ಒಳಗೇ ಬರ್ಬಾರ್ದು.

ಹೊಸ ಕಾಮೆಂಟಿಗೆ ಗಿಸ್ಕಸ್ ಅಂತ ಒಂದು ಹೊರಗಿನ ಸೇವೆ ಇದೆ, ಆದ್ರೆ ಕಾಮೆಂಟ್ ಮಾಡೋಕೆ ಗಿಟ್‌ಹಬ್ ಅಕೌಂಟ್ ಬೇಕು. ನಿಮ್ಮ ಓದುಗರಲ್ಲಿ ಎಷ್ಟು ಜನಕ್ಕೆ ಅದಿರತ್ತೆ ಹೇಳಿ. ಬರಹದ ಕೆಳಗೆ ಒಂದು ಇಮೇಲ್ ಲಿಂಕ್ ಇಟ್ಟು, ಬಂದ ಒಳ್ಳೇ ಪತ್ರಗಳನ್ನ ಕೇಳಿ ಒಪ್ಪಿಗೆ ತಗೊಂಡು ನೀವೇ ಸೇರಿಸೋದು ನಂಗೆ ಇಷ್ಟ.

ಪ್ರಶ್ನೆ: ಹ್ಯೂಗೋದಲ್ಲಿ ಬೆಳಿಗ್ಗೆ ಬರ್ದು ಪಬ್ಲಿಶ್ ಮಾಡಿದ್ರೆ ಬರಹ ಕಾಣೋದೇ ಇಲ್ಲ, ಸಂಜೆ ಇನ್ನೊಂದ್ಸಲ ಬಿಲ್ಡ್ ಮಾಡಿದ್ರೆ (ಪೇಜುಗಳನ್ನ ಮತ್ತೆ ತಯಾರಿಸಿದ್ರೆ) ಬರತ್ತೆ. (ಮಂಗಳೂರಿಂದ)

ಉತ್ತರ: ಟೈಮ್‌ಜೋನ್ ಸಮಸ್ಯೆ. ತಾರೀಕಿನ ಜೊತೆ ಟೈಮ್‌ಜೋನ್ ಹಾಕಿಲ್ಲ ಅಂದ್ರೆ ಹ್ಯೂಗೋ ಅದನ್ನ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಅಂದ್ಕೊಳತ್ತೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನೀವು ಬೆಳಿಗ್ಗೆ 10 ಅಂತ ಬರ್ದ್ರೆ ಅದ್ರ ಲೆಕ್ಕದಲ್ಲಿ ನಮ್ಮ ಮಧ್ಯಾಹ್ನ 3.30, ಮುಂದಿನ ತಾರೀಕಿನ ಬರಹವನ್ನ ಅದು ಬಿಲ್ಡಿಗೇ ಸೇರಿಸಲ್ಲ. ಕಾನ್ಫಿಗ್ ಫೈಲಲ್ಲಿ ಟೈಮ್‌ಜೋನ್ ಏಷ್ಯಾ/ಕೋಲ್ಕತ್ತಾ ಅಂತ ಕೊಡಿ. ಹಳೇ ಬರಹಗಳನ್ನೂ ಒಮ್ಮೆ ನೋಡಿ, ನಡುರಾತ್ರಿ ಕಳೆದ ಮೇಲೆ ಪೋಸ್ಟ್ ಮಾಡಿದವು ಹಿಂದಿನ ದಿನಕ್ಕೆ ಜಾರಿರ್ಬೋದು, ವಿಳಾಸದಲ್ಲಿ ದಿನಾನೂ ಇದ್ರೆ ಲಿಂಕೂ ಹೋಗಿರತ್ತೆ.

ಪ್ರಶ್ನೆ: ನಾನು ಎಲ್ಲಾ ಬರೆಯೋದು ಮೊಬೈಲಲ್ಲೇ, ತೋಟದ ಕೆಲಸದ ಮಧ್ಯೆ. ಮನೇಲಿ ಕಂಪ್ಯೂಟರ್ ಇದೆ ಆದ್ರೆ ಮಗಳು ರಜಕ್ಕೆ ಬಂದಾಗ ಮಾತ್ರ ಆನ್ ಆಗತ್ತೆ. ನಾನೂ ಇದಕ್ಕೆ ಹೋಗ್ಲಾ? (ಸಕಲೇಶಪುರದಿಂದ)

ಉತ್ತರ: ಬೇಡ. ಮೊಬೈಲಿಂದ ಫೈಲ್ ತಿದ್ದಿ, ಗಿಟ್‌ಹಬ್‌ಗೆ ಕಳಿಸಿ, ಬಿಲ್ಡ್ ಆಯ್ತಾ ಅಂತ ನೋಡೋದು ಆಗದ್ದೇನಲ್ಲ, ಆದ್ರೆ ಆ ತಾಪತ್ರಯದಲ್ಲಿ ನೀವು ಬರೆಯೋದೇ ಕಮ್ಮಿ ಆಗ್ಬಿಡತ್ತೆ, ನಂಗೆ ಬೇಕಾಗಿರೋದು ನಿಮ್ಮ ಬರಹ. ಈಗಿರೋ ಕಡೆನೇ ಇರಿ. ಡೊಮೈನ್ ಒಂದನ್ನ ನಿಮ್ಮ ಹೆಸರಲ್ಲೇ ತಗೊಂಡು ಜೋಡಿಸಿ, ಬೇರೆಯವ್ರ ಅಕೌಂಟಲ್ಲಿ ಬೇಡ. ಮಗಳು ಪ್ರತಿ ಸಲ ಬಂದಾಗ ಎಕ್ಸ್‌ಪೋರ್ಟ್ ಫೈಲನ್ನೂ ಫೋಟೋಗಳನ್ನೂ ಆ ಕಂಪ್ಯೂಟರಿಗೆ ಇಳಿಸಿಡೋಕೆ ಹೇಳಿ.